ಅಪ್‌ಡೇಟ್: ಹುಳ ಬಿದ್ದ ಪೈನ್ ಹಲಗೆ ಬೆಂಚಾಯ್ತು

ಜೀರುಂಡೆ ಹೊಡೆದು ನಿಂತಲ್ಲೇ ಒಣಗಿದ ಲಾಡ್ಜ್‌ಪೋಲ್ ಪೈನ್ ಸಿಕ್ಕಿದೆ, ಬೆಂಚ್ ಮಾಡಿದ್ರೆ ಹುಳ ಮನೆಯೊಳಗೆ ಬರುತ್ತಾ, ಆ ನೀಲಿ ಕಲೆ ಕೊಳೆತಿರೋದಾ ಅಂತ ಕೇಳಿದ್ನಲ್ಲ, ಬೆಂಚ್ ಆಯ್ತು, ಅದ್ರ ಮೇಲೇ ಕೂತು ಟೈಪ್ ಮಾಡ್ತಿದೀನಿ.

ಹುಳದ ಚಿಂತೆ ಬೇಡ. ಅದು ಬದುಕೋದು ತೊಗಟೆ ಕೆಳಗೆ, ಒಣ ಹಲಗೇಲಿ ಅಲ್ಲ, ಆದ್ರೂ ಸಮಾಧಾನಕ್ಕೆ ತೊಗಟೆ ಪೂರ್ತಿ ಕೆರೆದು ಕಿಲ್ನ್‌ನಲ್ಲಿ (ಮರ ಒಣಗಿಸೋ ಬಿಸಿ ಗೂಡು) ಒಳಗಿನ ತಿರುಳೂ 56 ಡಿಗ್ರಿ ಸೆಲ್ಸಿಯಸ್‌ಗೆ ಬಂದು 30 ನಿಮಿಷ ಇರೋ ಹಾಗೆ ಬಿಸಿ ಮಾಡಿಸ್ದೆ. ನೀಲಿ ಬಣ್ಣ ಹುಳ ಹೊತ್ತು ತರೋ ಫಂಗಸ್‌ದು, ಹೊರಗಿನ ಬಿಳಿ ಮರದಲ್ಲಿ ಮಾತ್ರ ಹರಡುತ್ತೆ, ನಾರನ್ನ ಕೊಳೆಸಲ್ಲ, ಗಟ್ಟಿತನಕ್ಕೆ ಅಂಥಾ ಪೆಟ್ಟೇನಿಲ್ಲ.

ನಿಜವಾದ ತಲೆನೋವು ಬಿರುಕು ಮಾರಾಯ್ರೆ! ನಿಂತೇ ಒಣಗಿದ ಮರ ಅಲ್ವಾ, ಎಳೆ ತಿರುಚಿರೋ ಕಡೆ ಬಿರುಕು ಹಲಗೆಗೆ ಅಡ್ಡಡ್ಡ ಓಡಿರುತ್ತೆ, ಕಾಲಿಗೆ ಅಂಥದ್ದು ಬೇಡ್ವೇ ಬೇಡ, ಸೀಟಿನಲ್ಲಿದ್ದಿದ್ದಕ್ಕೆ ಎಪಾಕ್ಸಿ (ಗಟ್ಟಿಯಾಗೋ ಅಂಟು) ತುಂಬ್ದೆ.

ಫಿನಿಶ್, ಅಂದ್ರೆ ಮೇಲೆ ಬಳಿಯೋ ಲೇಪ, ಮೊದ್ಲು ಒಂದು ಮರದ ತುಂಡಿನ ಮೇಲೆ ಹಚ್ಚಿ ನೋಡಿ. ಆಯಿಲ್ ಬೇಸ್ ವಾರ್ನಿಶ್ ಹಳದಿ ಆಗಿ ನೀಲಿಯನ್ನ ಹಸಿರು ಹಸಿರು ಮಾಡ್ತು, ವಾಟರ್ ಬೇಸ್ ಪಾಲಿಯುರೆಥೇನ್‌ನಲ್ಲಿ ಬೂದು ನೀಲಿ ಹಾಗೇ ಉಳೀತು. ಬಿಸಿಲಿಗೆ ಬಣ್ಣ ಮಂಕಾಗುತ್ತೆ, ಅದಕ್ಕೇ ಕಿಟಕಿ ಹತ್ರ ಇಟ್ಟಿಲ್ಲ.