ಜಾರ್ಜ್ ವಿತ್ ಅವರ ಕುಟುಂಬ ಮತ್ತು ಕೊಲೆ ಮೊಕದ್ದಮೆ: ಬಲ್ಲವರು ತಿಳಿಸಬೇಕು

ಕಾಳಿತೀರ (ಕಾರವಾರ):

ಕಾರವಾರದವರಿಗೆ ಹಳೆಯ ಕಾಲದ ನ್ಯಾಯಾಧೀಶರೆಂದರೆ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಟಾಗೋರರೇ ಮೊದಲು ನೆನಪಾಗುತ್ತಾರೆ. ಅವರ ಮನೆಗೆ ಬಂದು ಉಳಿದಿದ್ದ ತಮ್ಮ ರವೀಂದ್ರನಾಥರ ಹೆಸರು ನಮ್ಮ ಕಡಲತೀರಕ್ಕೇ ಅಂಟಿಕೊಂಡಿದೆ. ನಮ್ಮ ಓದುಬಳಗದಲ್ಲಿ ಈ ಸಲ ಹೊರನಾಡಿನ ನ್ಯಾಯಾಧೀಶರೊಬ್ಬರ ಬದುಕನ್ನು ಎತ್ತಿಕೊಳ್ಳೋಣವೆಂದಾಗ ನನ್ನ ಪಾಲಿಗೆ ಬಂದವರು ವರ್ಜೀನಿಯಾದ ಜಾರ್ಜ್ ವಿತ್ (1726–1806). ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು, ವರ್ಜೀನಿಯಾ ಶಾಸನಸಭೆಯ ಸಭಾಧ್ಯಕ್ಷರಾಗಿದ್ದವರು, ಅಲ್ಲಿನ ಚಾನ್ಸರಿ ಎಂಬ ಸಿವಿಲ್ ನ್ಯಾಯಾಲಯದಲ್ಲಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಕುಳಿತವರು, ಥಾಮಸ್ ಜೆಫರ್ಸನ್ನರಿಗೆ ವಕೀಲಿಕೆ ಕಲಿಸಿದ ಗುರು. ಇಷ್ಟು ದೊಡ್ಡ ಮನುಷ್ಯನನ್ನು ಮನೆಯಲ್ಲೇ ಇದ್ದ ಸೋದರಿಯ ಮೊಮ್ಮಗ ವಿಷವಿಕ್ಕಿ ಕೊಂದನೆಂದೂ ಅವನಿಗೆ ಶಿಕ್ಷೆಯಾಗಲಿಲ್ಲವೆಂದೂ ಓದಿದೆ. ಮನೆಯಲ್ಲಿ ಯಾರು ಯಾರಿದ್ದರು, ಆ ಹುಡುಗನಿಗೆ ಅಂಥ ಯೋಚನೆ ಏಕೆ ಬಂತು, ನ್ಯಾಯಾಲಯ ಅವನನ್ನು ಬಿಟ್ಟದ್ದು ಹೇಗೆ ಎಂಬುದನ್ನು ತಿಳಿದವರು ವಿವರಿಸಬೇಕಾಗಿ ವಿನಂತಿ.

ಅಘನಾಶಿನಿ (ಕುಮಟಾ):

ವಿತ್ ಮೂರು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಲ್ಯಾಟಿನ್ನಿನ ಮೊದಲ ಪಾಠ ಹೇಳಿದವರು ತಾಯಿ ಮಾರ್ಗರೆಟ್. ಆಸ್ತಿ ಅಣ್ಣ ಥಾಮಸರಿಗೆ ಹೋಯಿತು, ಅವರು 1755ರಲ್ಲಿ ಮಕ್ಕಳಿಲ್ಲದೆ ಸತ್ತ ಮೇಲಷ್ಟೇ ಚೆಸ್ಟರ್‌ವಿಲ್‌ನ ಜಮೀನು ಇವರ ಕೈಗೆ ಬಂತು. ಮೊದಲ ಹೆಂಡತಿ ಆನ್ ಲೂಯಿಸ್ ಮದುವೆಯಾಗಿ ವರ್ಷ ತುಂಬುವ ಮೊದಲೇ, 1748ರಲ್ಲಿ, ತೀರಿಕೊಂಡರು. ಎರಡನೆಯವರು ಎಲಿಜಬೆತ್ ಟಾಲಿವರ್. ವಿಲಿಯಮ್ಸ್‌ಬರ್ಗ್‌ನಲ್ಲಿ ಈಗಲೂ ನಿಂತಿರುವ ಇಟ್ಟಿಗೆಯ ಎರಡಂತಸ್ತಿನ ಮನೆ ಎಲಿಜಬೆತ್‌ರ ತಂದೆಯ ಕೊಡುಗೆ. 1781ರಲ್ಲಿ ಯಾರ್ಕ್‌ಟೌನ್ ಮುತ್ತಿಗೆಗೆ ಹೊರಡುವ ಮುನ್ನ ಜಾರ್ಜ್ ವಾಷಿಂಗ್ಟನ್ ಬಿಡಾರ ಹೂಡಿದ್ದೂ ಅಲ್ಲಿಯೇ. ಈ ದಂಪತಿಗೆ ಹುಟ್ಟಿದ ಒಂದೇ ಮಗು ಎಳವೆಯಲ್ಲೇ ಹೋಯಿತು. 1787ರಲ್ಲಿ ಸಂವಿಧಾನ ರಚನೆಯ ಸಭೆಗೆ ಫಿಲಡೆಲ್ಫಿಯಾಕ್ಕೆ ಹೋಗಿದ್ದ ವಿತ್, ಹೆಂಡತಿಯ ಕಾಯಿಲೆಯ ಕಾರಣ ಜೂನ್ ಆರಂಭದಲ್ಲೇ ಹಿಂದಿರುಗಿದರು. ಹೀಗಾಗಿ ಅಮೆರಿಕದ ಸಂವಿಧಾನದ ಕೆಳಗೆ ಅವರ ಸಹಿ ಇಲ್ಲ. ಎಲಿಜಬೆತ್ ಆ ಆಗಸ್ಟಿನಲ್ಲಿ ತೀರಿಕೊಂಡರು.

1791ರ ಸುಮಾರಿಗೆ ಅವರು ರಿಚ್ಮಂಡ್‌ಗೆ ವಾಸ ಬದಲಿಸಿದರು. ಆ ಮನೆಯಲ್ಲಿ ಕೊನೆಗೆ ಇದ್ದವರು ಮೂವರು: ಅಡುಗೆಯ ಲಿಡಿಯಾ ಬ್ರಾಡ್‌ನಾಕ್ಸ್, ಮೈಕೇಲ್ ಬ್ರೌನ್ ಎಂಬ ಹದಿಹರೆಯದ ಹುಡುಗ ಮತ್ತು ಸೋದರಿ ಆನ್‌ಳ ಮೊಮ್ಮಗ ಜಾರ್ಜ್ ವಿತ್ ಸ್ವೀನಿ. ಲಿಡಿಯಾ ಮೊದಲು ವಿತ್ ಅವರ ಗುಲಾಮಳಾಗಿದ್ದು, 1787ರಲ್ಲಿ ಬಿಡುಗಡೆ ಪಡೆದ ಮೇಲೂ ಅವರ ಮನೆಯಲ್ಲೇ ಉಳಿದಿದ್ದಳು. ಮೈಕೇಲ್ ಕೂಡ ಸ್ವತಂತ್ರ ಕಪ್ಪು ಸಮುದಾಯದ ಹುಡುಗ; ವಿತ್ ಅವನಿಗೆ ತಾವೇ ಪಾಠ ಹೇಳುತ್ತಿದ್ದರು. ಉಯಿಲಿನಲ್ಲಿ ಹೆಚ್ಚಿನ ಪಾಲು ಸ್ವೀನಿಗಿದ್ದರೂ ಬ್ಯಾಂಕಿನ ಷೇರುಗಳಲ್ಲಿ ಒಂದು ಭಾಗವನ್ನು ಮೈಕೇಲ್‌ಗೆ ಬರೆದಿದ್ದರು, ಅವನ ವಿದ್ಯಾಭ್ಯಾಸವನ್ನು ನೋಡಿಕೊಳ್ಳುವಂತೆ ಆಗ ಅಧ್ಯಕ್ಷರಾಗಿದ್ದ ಜೆಫರ್ಸನ್ನರನ್ನು ಕೋರಿದ್ದರು. ಮೈಕೇಲ್ ಮೊದಲೇ ಸತ್ತರೆ ಅವನ ಪಾಲೂ ಸ್ವೀನಿಗೆ ಸೇರತಕ್ಕದ್ದೆಂದು 1806ರಲ್ಲಿ ಇನ್ನೊಂದು ಷರತ್ತು ಸೇರಿಸಿದರು. ಅತ್ತ ಸ್ವೀನಿ ಜೂಜಿನ ಸಾಲಕ್ಕೆ ಸಿಕ್ಕು, ಅಜ್ಜನ ಹೆಸರಿನಲ್ಲಿ ಬ್ಯಾಂಕಿಗೆ ಖೋಟಾ ಚೆಕ್ಕುಗಳನ್ನು ಬರೆಯುತ್ತಿದ್ದ. ನಮ್ಮ ಕಡೆ ಹಿಸ್ಸೆ ವ್ಯಾಜ್ಯಗಳನ್ನು ಕಂಡವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಶಿರಸಿ ವಕೀಲ:

ಮೇಲಿನವರು ಕುಟುಂಬದ ಎಳೆಯನ್ನು ಸ್ಪಷ್ಟವಾಗಿ ಬಿಡಿಸಿದ್ದಾರೆ. ಮೊಕದ್ದಮೆಯ ಮಾತು ನನ್ನದಿರಲಿ. 1806ರ ಮೇ 25ರ ಬೆಳಗ್ಗೆ ಸ್ವೀನಿ ಅಡುಗೆಮನೆಗೆ ಬಂದು ಕಾಫಿ ಪಾತ್ರೆಯಿಂದ ತನಗೊಂದು ಬಟ್ಟಲು ಬಗ್ಗಿಸಿಕೊಂಡು ಕುಡಿದ, ಆಮೇಲೆ ಬಿಳಿಯ ಕಾಗದವೊಂದನ್ನು ಒಲೆಗೆ ಎಸೆದ. ಇದು ಲಿಡಿಯಾ ಹೇಳಿದ್ದು. ಅದೇ ಪಾತ್ರೆಯ ಕಾಫಿ ಕುಡಿದ ವಿತ್, ಮೈಕೇಲ್, ಲಿಡಿಯಾ ಮೂವರೂ ವಾಂತಿಭೇದಿಯಿಂದ ನೆಲಕಚ್ಚಿದರು. ಮೈಕೇಲ್ ಜೂನ್ 1ರಂದು ಸತ್ತ. ತಾನು ಕೊಲೆಯಾದೆನೆಂದು ಹೇಳುತ್ತಲೇ ಎರಡು ವಾರ ಜೀವ ಹಿಡಿದುಕೊಂಡಿದ್ದ ಎಂಬತ್ತರ ಮುದುಕ ಅಷ್ಟರಲ್ಲಿ ಉಯಿಲನ್ನು ಬದಲಿಸಿ ಸ್ವೀನಿಯ ಹೆಸರನ್ನು ಹೊಡೆದುಹಾಕಿ, ಜೂನ್ 8ರಂದು ಕಣ್ಣುಮುಚ್ಚಿದರು. ಲಿಡಿಯಾ ಬದುಕಿದಳು.

ಆದರೆ ಬದುಕಿದ ಆ ಸಾಕ್ಷಿಯನ್ನು ಕೋರ್ಟು ಕೇಳುವಂತಿರಲಿಲ್ಲ. ಬಿಳಿಯರ ವಿರುದ್ಧ ಕಪ್ಪು ಜನರ ಸಾಕ್ಷ್ಯ ಅಲ್ಲಿನ ಕಾನೂನಿನಲ್ಲಿ ನಿಷಿದ್ಧವಾಗಿತ್ತು, ಸಾಕ್ಷಿ ಸ್ವತಂತ್ರಳಾಗಿದ್ದರೂ ಅಷ್ಟೇ. ಇದೊಂದೇ ಕಾರಣವೆಂದು ಹಲವರು ಬರೆಯುತ್ತಾರಾದರೂ ನನಗೆ ಅದು ಅರ್ಧ ಮಾತು ಎನಿಸುತ್ತದೆ: ಶವಪರೀಕ್ಷೆ ಮಾಡಿದ ವೈದ್ಯರು ಸಾವಿಗೆ ಪಾಷಾಣವೇ ಕಾರಣವೆಂದು ಖಚಿತವಾಗಿ ಹೇಳಲಿಲ್ಲ, ಪಿತ್ತವಿಕಾರವೂ ಆಗಿರಬಹುದೆಂದು ಬಾಗಿಲು ತೆರೆದಿಟ್ಟರು. ಆರೋಪಿಯ ಪರ ನಿಂತವರು ವಿಲಿಯಂ ವರ್ಟ್ ಮತ್ತು ವರ್ಜೀನಿಯಾದ ಮಾಜಿ ಗವರ್ನರ್ ಎಡ್ಮಂಡ್ ರಾಂಡಾಲ್ಫ್. ಅಂಥ ವಕೀಲರಿಗೆ ಇಷ್ಟು ಸಂದಿ ಸಾಕು. ಸ್ವೀನಿ ಕೊಲೆ ಆರೋಪದಿಂದ ಬಿಡುಗಡೆಯಾದ. ಖೋಟಾ ಚೆಕ್ಕಿನ ಪ್ರಕರಣದಲ್ಲಿ ಸಿಕ್ಕ ಶಿಕ್ಷೆಯೂ ನಿಲ್ಲಲಿಲ್ಲ, ಏಕೆಂದರೆ ಆ ಕಾನೂನು ವ್ಯಕ್ತಿಗಳಿಗೆ ಮಾಡಿದ ಮೋಸವನ್ನು ಹೇಳಿತ್ತೇ ಹೊರತು ಬ್ಯಾಂಕಿಗೆ ಮಾಡಿದ್ದನ್ನಲ್ಲ.

ನಮ್ಮ ಕೋರ್ಟಿನಲ್ಲಾಗಿದ್ದರೆ ಲಿಡಿಯಾ ಕಟಕಟೆ ಹತ್ತುತ್ತಿದ್ದಳು. 1872ರ ಸಾಕ್ಷ್ಯ ಅಧಿನಿಯಮದ 118ನೆಯ ಕಲಮು ಪ್ರಶ್ನೆಯನ್ನು ಅರಿತು ಉತ್ತರಿಸಬಲ್ಲ ಯಾರನ್ನೂ ಹೊರಗಿಡುತ್ತಿರಲಿಲ್ಲ, ಅದರ ಜಾಗಕ್ಕೆ ಬಂದ 2023ರ ಹೊಸ ಅಧಿನಿಯಮವೂ ಅದನ್ನೇ ಮುಂದುವರಿಸಿದೆ. ವಿತ್ ಅವರ ಮಾತು ಮರಣಪೂರ್ವ ಹೇಳಿಕೆಯಾಗಿ ದಾಖಲೆಗೆ ಬರುತ್ತಿತ್ತು. ಅದಕ್ಕೆ ಎಷ್ಟು ತೂಕ ಸಿಗುತ್ತಿತ್ತೆಂಬುದು ಬೇರೆ ಪ್ರಶ್ನೆ.

ಕಾಳಿತೀರ (ಕಾರವಾರ):

ಇಬ್ಬರಿಗೂ ಧನ್ಯವಾದಗಳು. ಇನ್ನೆರಡು ಸಂಶಯಗಳಿವೆ. ಮೈಕೇಲ್ ವಿತ್ ಅವರದೇ ಮಗ, ಲಿಡಿಯಾ ಅವನ ತಾಯಿ ಎಂಬ ಮಾತನ್ನು ಓದಿದ್ದೇನೆ. ಅದನ್ನು ಬಳಗದ ಮುಂದೆ ಹೇಳಬಹುದೇ? ಮತ್ತು ಸಾಕ್ಷ್ಯದ ಆ ಕಾನೂನನ್ನು ಸ್ವತಃ ವಿತ್ ಬರೆದರೆಂಬುದು ನಿಜವೇ?

ಅಘನಾಶಿನಿ (ಕುಮಟಾ):

ಮೊದಲನೆಯದನ್ನು ಹೇಳಬೇಡಿ. ಮೈಕೇಲ್ ಹುಟ್ಟುವ ಹೊತ್ತಿಗೆ ಲಿಡಿಯಾಳಿಗೆ ಐವತ್ತರ ಹತ್ತಿರ ವಯಸ್ಸು, ವಿತ್ ಅವರಿಗೆ ಅರವತ್ತು ದಾಟಿತ್ತು. ಆ ಸಂಬಂಧಕ್ಕೆ ಯಾವ ದಾಖಲೆಯೂ ಇಲ್ಲ. ಮನೆಯ ಹುಡುಗನಿಗೆ ಪಾಠ ಹೇಳಿ ಆಸ್ತಿ ಬರೆದರೆ ಅವನು ಮಗನೇ ಆಗಿರಬೇಕೆಂದು ಊಹಿಸುವವರು ಎಲ್ಲ ಊರಲ್ಲೂ ಇದ್ದಾರೆ.

ಶಿರಸಿ ವಕೀಲ:

ಎರಡನೆಯದಕ್ಕೆ ಉತ್ತರ ಅಷ್ಟು ಸರಳವಲ್ಲ. ನಿಷೇಧ ವಸಾಹತು ಕಾಲದಿಂದಲೂ ಇತ್ತು. 1776ರಲ್ಲಿ ಎಲ್ಲ ಕಾನೂನುಗಳ ಪರಿಷ್ಕರಣೆಗೆ ನೇಮಕವಾದ ಸಮಿತಿಯಲ್ಲಿ ಜೆಫರ್ಸನ್ ಮತ್ತು ಇನ್ನೊಬ್ಬ ವಕೀಲ ಎಡ್ಮಂಡ್ ಪೆಂಡಲ್ಟನ್ನರ ಜೊತೆಗೆ ವಿತ್ ಕೆಲಸ ಮಾಡಿದರು. ಆ ಸಮಿತಿಯ ಕಟ್ಟಿನಿಂದಲೇ ಬಂದು 1785ರಲ್ಲಿ ಅಂಗೀಕಾರವಾದ ಗುಲಾಮರ ಕುರಿತ ಕಾಯಿದೆ ಹಳೆಯ ನಿಷೇಧವನ್ನು ಹಾಗೆಯೇ ಉಳಿಸಿಕೊಂಡಿತು. ಆದ್ದರಿಂದ ಅವರು ಬರೆದರೆನ್ನುವುದು ತಪ್ಪು, ಅವರಿಗೂ ಅದಕ್ಕೂ ಸಂಬಂಧವಿಲ್ಲವೆನ್ನುವುದೂ ತಪ್ಪು. ಇದೇ ವಿತ್, ಸಾಯುವ ಮುನ್ನ ಹಡ್ಜಿನ್ಸ್ ವಿರುದ್ಧ ರೈಟ್ ಪ್ರಕರಣದಲ್ಲಿ, ಸ್ವಾತಂತ್ರ್ಯ ಎಲ್ಲ ಮನುಷ್ಯರ ಜನ್ಮಸಿದ್ಧ ಹಕ್ಕಾದುದರಿಂದ ಗುಲಾಮನೆಂದು ಸಾಧಿಸುವ ಹೊಣೆ ಒಡೆಯನದೇ ಎಂದು ತೀರ್ಪಿತ್ತರು. ಅವರು ಸತ್ತ ಕೆಲ ತಿಂಗಳಿಗೆ ಮೇಲಿನ ನ್ಯಾಯಾಲಯ, ತಾವು ಗುಲಾಮರಲ್ಲವೆಂದು ದಾವೆ ಹೂಡಿದ್ದ ರೈಟ್ ಕುಟುಂಬದ ಬಿಡುಗಡೆಯನ್ನು ಎತ್ತಿಹಿಡಿಯಿತಾದರೂ ಕಪ್ಪು ಜನರಿಗೆ ಆ ತತ್ವ ಅನ್ವಯಿಸದೆಂದಿತು. ಹಾಗೆ ಬರೆದ ನ್ಯಾಯಾಧೀಶರಲ್ಲಿ ಒಬ್ಬರು ವಿತ್ ಅವರ ಶಿಷ್ಯ, ಸೇಂಟ್ ಜಾರ್ಜ್ ಟಕರ್.

ಬಳಗದಲ್ಲಿ ಲಿಡಿಯಾಳ ಮುಂದಿನ ಕತೆಯನ್ನೂ ಸೇರಿಸಿಕೊಳ್ಳಿ. ವಿಷದಿಂದ ದೃಷ್ಟಿ ಮಂದವಾಗಿ ದುಡಿಯಲಾಗದೆ ಆಕೆ 1807ರಲ್ಲಿ ಜೆಫರ್ಸನ್ನರಿಗೆ ಸಹಾಯ ಕೋರಿ ಪತ್ರ ಬರೆದಳು. ವಿತ್ ಅವರ ಇಡೀ ಗ್ರಂಥಭಂಡಾರ ಉಯಿಲಿನಂತೆ ಸೇರಿದ್ದು ಅವರಿಗೇ. ಅವರು ಆಕೆಗೆ 50 ಡಾಲರ್ ಕೊಡಿಸಿದರು.