ಈ ಕಿತ್ತಳೆ ತಲೆಯ ಹಕ್ಕಿ ಯಾವುದು? ಸಹಾಯ ಬೇಕು

ಮುಂಬೈನ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ, ಕಾನ್ಹೇರಿ ಗುಹೆಗಳ ದಾರಿಯ ಬಿದಿರಿನ ಕೆಳಗೆ ಈ ಹಕ್ಕಿ ನೋಡಿದೆ. ತಲೆ, ಎದೆ ಕಿತ್ತಳೆ. ಬೆನ್ನು ನೀಲಿ ಬೆರೆತ ಬೂದು. ಬಿಳಿ ಕೆನ್ನೆಯ ಮೇಲೆ ಉದ್ದುದ್ದ ಎರಡು ಕಪ್ಪು ಗೆರೆ, ಹೆಗಲ ಹತ್ತಿರ ಸಣ್ಣ ಬಿಳಿ ಪಟ್ಟಿ. ತರಗೆಲೆಗಳನ್ನು ಕೊಕ್ಕಿನಿಂದ ಪಕ್ಕಕ್ಕೆ ಎಸೆಯುತ್ತಾ ಹುಳ ಹುಡುಕುತ್ತಿತ್ತು. ಆಮೇಲೆ ಕೊಂಬೆಗೆ ಹಾರಿ ಹಾಡಿತು ನೋಡಿ, ಎಷ್ಟು ಇಂಪು! ಉದ್ದನೆಯ ಹಾಡು, ನಡುನಡುವೆ ಪಿಕಳಾರದ ದನಿಯೂ ಬಂದ ಹಾಗಿತ್ತು.

ಪಕ್ಕದ ಮನೆಯ ಕಾಕಾ ಇದು ನವರಂಗ ಹಕ್ಕಿ (ಇಂಡಿಯನ್ ಪಿಟ್ಟಾ) ಅಂದರು. ಆದರೆ ನವರಂಗದ ಬೆನ್ನು ಹಸಿರು, ಬಾಲ ಮೋಟು, ಕೂಗು ಎರಡೇ ಸ್ವರದ ಸಿಳ್ಳೆ ಅಲ್ವಾ? ನನಗೆ ಇದು ಆರೆಂಜ್ ಹೆಡೆಡ್ ಥ್ರಶ್ ಅನಿಸುತ್ತಿದೆ. ಮಳೆಗಾಲದಲ್ಲಿ ಅದರ ಹಾಡು ಕೇಳಿದವರು ದಯವಿಟ್ಟು ತಿಳಿಸಿ. ಫೋಟೋ ಸ್ವಲ್ಪ ಮಸುಕು, ರೆಕಾರ್ಡಿಂಗ್ ಚೆನ್ನಾಗಿದೆ. ಕೇಳಿದರೆ ಈಗಲೇ ಕಳಿಸುತ್ತೇನೆ.