ಸಹಾಯ ಬೇಕು: ಎರಡು ಲೈಟಿಂಗ್ ಕನ್ಸೋಲ್, ಇಬ್ಬರು ಆಪರೇಟರ್, ಒಂದೇ ಶೋ

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ಬದಿಯಡ್ಕದ ಹತ್ತಿರ ನಾಟಕ, ಅದರ ಬೆನ್ನಿಗೇ ಡ್ಯಾನ್ಸ್. ಎರಡು ಗ್ರ್ಯಾಂಡ್‌ಎಂಎ2 ಕನ್ಸೋಲ್‌ಗಳನ್ನು ಒಂದೇ ಸೆಷನ್‌ಗೆ (ಎರಡೂ ಒಂದೇ ಶೋ ಹಂಚಿಕೊಳ್ಳುವ ನೆಟ್‌ವರ್ಕ್ ಜೋಡಣೆಗೆ) ಸೇರಿಸಿದ್ದೇವೆ. ಪಾರ್, ಫ್ರೆನೆಲ್, ಅಂದರೆ ಒಂದೇ ಕಡೆ ನಿಲ್ಲುವ ಲೈಟ್, ನನ್ನ ಪಾಲಿಗೆ. ಮೂವಿಂಗ್ ಹೆಡ್, ಅಂದರೆ ತಿರುಗುವ ಲೈಟ್, ಮಂಜೇಶ್ವರದಿಂದ ಬಂದ ಗೆಳೆಯನ ಪಾಲಿಗೆ.

ನಿನ್ನೆ ರಿಹರ್ಸಲ್‌ನಲ್ಲಿ ದೊಡ್ಡ ಫಜೀತಿ. ಅವನು ಅಲ್ಲಿ ಕ್ಲಿಯರ್ ಬಟನ್ ಒತ್ತಿದರೆ ನಾನು ಅರ್ಧ ಗಂಟೆ ಕೂತು ಕಟ್ಟಿದ ಲುಕ್ (ಲೈಟ್‌ಗಳ ಸಂಯೋಜನೆ) ಇಲ್ಲಿ ಮಾಯ! ಮೊದಲು ಕೇಬಲ್ ಮೇಲೆ ಸಂಶಯ ಬಂತು. ಸುಮ್ನೆ ನೆಟ್‌ವರ್ಕ್ ಸ್ವಿಚ್ ಕೂಡ ಬದಲಾಯಿಸಿದೆವು. ಆಮೇಲೆ ನೋಡಿದರೆ ಇಬ್ಬರೂ ಒಂದೇ ಯೂಸರ್ ಹೆಸರಲ್ಲಿ ಲಾಗಿನ್ ಆಗಿದ್ದೆವು. ಹಾಗಿದ್ದರೆ ಪ್ರೋಗ್ರಾಮರ್ (ಇನ್ನೂ ಸೇವ್ ಮಾಡದ ಬದಲಾವಣೆ ಇರುವ ಕನ್ಸೋಲ್‌ನ ಜಾಗ) ಕೂಡ ಒಂದೇ ಅಲ್ವಾ! ತಪ್ಪು ನಮ್ಮದೇ. ಬೇರೆ ಬೇರೆ ಯೂಸರ್ ಮಾಡಿದ ಮೇಲೆ ಪ್ರೋಗ್ರಾಮರ್ ಬೇರೆಯಾಯಿತು.

ಈಗ ಉಳಿದ ತಲೆನೋವು: ಅವನು ಕೈತಪ್ಪಿ ನನ್ನ ಪಾರ್ ಮುಟ್ಟಿದರೆ, ಕೊನೆಗೆ ಮುಟ್ಟಿದವನದೇ ನಡೆಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ವರ್ಲ್ಡ್ (ಯಾವ ಲೈಟ್ ಮುಟ್ಟಬಹುದು ಅನ್ನುವ ಮಿತಿ) ಕೊಟ್ಟರೆ ಸಾಕೇ? ಕ್ಯೂಗಳನ್ನು (ಸೇವ್ ಮಾಡಿದ ಲುಕ್‌ಗಳನ್ನು) ಒಂದೇ ಸೀಕ್ವೆನ್ಸ್‌ನಲ್ಲಿ (ಕ್ಯೂಗಳ ಸರಣಿಯಲ್ಲಿ) ಇಡುತ್ತೀರೋ, ಇಬ್ಬರಿಗೂ ಬೇರೆ ಬೇರೆಯೋ? ಬೇರೆಯೇ ವಾಸಿ ಅಂತ ನನ್ನ ಲೆಕ್ಕ. ಆದರೆ ನಾಟಕದಲ್ಲಿ ಗೋ (ಮುಂದಿನ ಕ್ಯೂಗೆ ಹೋಗುವ ಬಟನ್) ಒತ್ತುವವನು ನಾನೊಬ್ಬನೇ.

ಹೀಗೆ ಶೋ ನಡೆಸಿದವರು ದಯವಿಟ್ಟು ಹೇಳಿ. ಶುಕ್ರವಾರ ಸಂಜೆಯೊಳಗೆ ಸಿಕ್ಕಿದರೆ ದೊಡ್ಡ ಉಪಕಾರ.